ಸಿಗ್ನಲ್ಲಿಗೆ ಬೆನ್ನು ಕೊಟ್ಟವನು

ವಿಭಾಗದ ಮೂರನೇ ಮಹಡಿ,
ಸೋಮವಾರ, ಮಾರ್ಚ್ ೧೧

ಪ್ರೀತಿಯ ಅಕ್ಕಾ,

ಮಂಡಿ ಹೇಗಿದೆ? ಆಪರೇಷನ್ ಆಗಿ ಮೂರು ವಾರ ತುಂಬಿಲ್ಲ, ಆಗಲೇ ಮಗಳ ಮನೆಯ ಮೆಟ್ಟಿಲು ಹತ್ತಿಳಿಯುತ್ತಿದ್ದೀಯಂತೆ. ಸ್ವಲ್ಪ ಕೂತಿರು ಮಾರಾಯ್ತಿ. ಕಾಲು ನಡೆಯದಿದ್ದರೂ ಆ ಮನೆಯಲ್ಲಿ ಮಾತು ನಿನ್ನದೇ ನಡೆಯುತ್ತದೆ.

ನಾನು ಚೆನ್ನಾಗಿದ್ದೇನೆ, ತಲೆಯೊಂದನ್ನು ಬಿಟ್ಟು. ಅಲೆಗಳ ಪಾಠ ಹೇಳುವವನ ಹಣೆಯಲ್ಲಿ ಅಲೆದಾಟವೇ ಬರೆದಿದೆ ನೋಡು. ತಂತಿಯಿಲ್ಲದೆ ಜಗತ್ತು ಮಾತಾಡುವುದು ಹೇಗೆಂದು ಇಪ್ಪತ್ತೆರಡು ವರ್ಷ ಕಲಿಸಿದ್ದೇನೆ. ನನ್ನ ಬಡ್ತಿಯ ಕಡತ ಮಾತ್ರ ಒಂದು ಮಹಡಿ ಇಳಿಯಲು ಹದಿನಾಲ್ಕು ತಿಂಗಳು ತೆಗೆದುಕೊಂಡಿತು. ಹನ್ನೊಂದು ವರ್ಷದಿಂದ ಸಹ ಪ್ರಾಧ್ಯಾಪಕ, ಅಂದರೆ ಎಲ್ಲವನ್ನೂ ಸಹಿಸುವ ಪ್ರಾಧ್ಯಾಪಕ. ಕೊನೆಗೂ ಈ ಗುರುವಾರ ಸಂದರ್ಶನ. ಕೈಗೆ ಬಂದ ತುತ್ತು ಬಾಯಿಗೆ ಬರುವ ಹೊತ್ತಿಗೆ ನನ್ನ ಬೆನ್ನೇ ಅಡ್ಡ ಬಂದಿದೆ. ತಮಾಷೆಯಲ್ಲ, ನಿಜವಾಗಿಯೂ ಬೆನ್ನು.

ಕಟ್ಟಡದೊಳಗೆ ಸಿಗ್ನಲ್ ಎಲ್ಲೆಲ್ಲಿ ಎಷ್ಟು ಸೊರಗುತ್ತದೆ ಎಂಬ ನನ್ನ ಪ್ರಬಂಧ ಗೊತ್ತಲ್ಲ? 'ತುಂಬಾ ಚೆನ್ನಾಗಿದೆ ಕಣೋ, ಏನೂ ಅರ್ಥ ಆಗ್ಲಿಲ್ಲ' ಅಂದೆಯಲ್ಲ, ಅದೇ. ಬಡ್ತಿಗೆ ಅದೇ ಆಧಾರ. ಎರಡು ವರ್ಷ ನಮ್ಮ ಕಾರಿಡಾರಿನಲ್ಲಿ ಮೀಟರಿಗೊಂದು ಸೀಮೆಸುಣ್ಣದ ಗೆರೆ ಎಳೆದು, ಒಂದು ತುದಿಯಲ್ಲಿ ಸಿಗ್ನಲ್ ಕಳಿಸುವ ಟ್ರಾನ್ಸ್‌ಮಿಟರ್ ಇಟ್ಟು, ಚಕ್ರದ ಮೇಜಿನ ಮೇಲೆ ರಿಸೀವರ್ ತಳ್ಳಿಕೊಂಡು ಅಳೆದದ್ದು. ಎಲ್ಲ ಕಡೆಯೂ ಲೆಕ್ಕಕ್ಕಿಂತ ಅರ್ಧ ಸಿಗ್ನಲ್ ಕಡಿಮೆ. ಗೋಡೆಯನ್ನು ದೂರಿದೆ, ಕಬ್ಬಿಣದ ಬೀರುಗಳನ್ನು ದೂರಿದೆ, ಹೊಸ ಸೂತ್ರವನ್ನೇ ಕಟ್ಟಿದೆ. ಕಳೆದ ವಾರ ಹಲ್ಲುನೋವೆಂದು ನಾನು ರಜೆ ಹಾಕಿದಾಗ ನನ್ನ ಸಂಶೋಧನಾ ವಿದ್ಯಾರ್ಥಿನಿ ಒಬ್ಬಳೇ ಅಳೆದಳು. ಸಿಗ್ನಲ್ ಪೂರ್ತಿ ಬಂತು! 'ಸರ್, ಬೈಬೇಡಿ. ನೀವು ಪರದೆ ನೋಡೋಕೆ ಬಂದು ನಿಲ್ತೀರಲ್ಲ, ಬೆನ್ನು ಟ್ರಾನ್ಸ್‌ಮಿಟರ್ ಕಡೆಗಿರುತ್ತೆ' ಅಂದಳು. ಮನುಷ್ಯನ ಮೈ ಸಿಗ್ನಲ್ ಹೀರುತ್ತದೆ ಎಂಬುದು ನಾನೇ ಎರಡನೇ ವರ್ಷದವರಿಗೆ ಮಾಡುವ ಪಾಠ. ಲ್ಯಾಬಿನ ಮೆಕ್ಯಾನಿಕ್ ಬೇರೆ, 'ಉಪಕರಣಗಳ ಪಟ್ಟಿಗೆ ನಿಮ್ಮನ್ನೂ ಸೇರಿಸ್ಬಿಟ್ರೆ ಪ್ರಬಂಧ ಸರಿಹೋಗುತ್ತಲ್ಲ ಸರ್' ಎಂದು ಹಲ್ಲು ಕಿರಿದ.

ವಿಭಾಗದ ಮುಖ್ಯಸ್ಥರು ಬಾಗಿಲು ಹಾಕಿಕೊಂಡು, 'ಅಲ್ರೀ, ಗುರುವಾರದ ತನಕ ಸುಮ್ನಿರಿ. ಶುಕ್ರವಾರ ಎಷ್ಟು ಬೇಕಾದ್ರೂ ಸತ್ಯ ಹೇಳಿ' ಎಂದರು. ಸತ್ಯಕ್ಕೂ ಟೈಂಟೇಬಲ್ಲು! ಸಿಟ್ಟು ಬಂದದ್ದು ಅವರ ಮೇಲಲ್ಲ. ಆ ಮಾತು ನನಗೆ ಒಳಗೊಳಗೇ ಹಿತವೆನಿಸಿತಲ್ಲ, ಅದಕ್ಕೆ. ಆ ಹುಡುಗಿ ತನ್ನ ಮಹಾಪ್ರಬಂಧವನ್ನೂ ನನ್ನ ಸೂತ್ರದ ಮೇಲೇ ಕಟ್ಟುತ್ತಿದ್ದಾಳೆ. ಪ್ರಬಂಧ ಅಚ್ಚಾದ ಪತ್ರಿಕೆಗೆ ತಿದ್ದುಪಡಿಯನ್ನು ಈಗಲೇ ಕಳಿಸಲೋ, ಶುಕ್ರವಾರ ಕಳಿಸಲೋ? ನೀನೇ ಹೇಳು, ನೀನು ಹೇಳಿದಂತೆ ಮಾಡುತ್ತೇನೆ.

ಭಾವನಿಗೆ ನಮಸ್ಕಾರ, ಮಗಳಿಗೂ ಅಳಿಯನಿಗೂ ಪ್ರೀತಿ, ನಿನ್ನ ಮಂಡಿಗೆ ದೀರ್ಘದಂಡ.

ನಿನ್ನ ತಮ್ಮ,
ಗುಂಡ

ಮ.ವಿ.: ಕೆಳಗಿಳಿದು ಸ್ಟಾಂಪು ಅಂಟಿಸುವಾಗ ಹೊಳೆಯಿತು, ಈ ಪತ್ರ ನಿನ್ನ ಕೈ ಸೇರುವುದೇ ಶುಕ್ರವಾರ. ಫೋನಿನಲ್ಲಿ ಕೇಳಿದರೆ ನೀನು ಏನನ್ನುತ್ತೀ ಎಂದು ಗೊತ್ತಿದ್ದೇ ಅಂಚೆ ಹಿಡಿದಿದ್ದೇನೆ, ಕಳ್ಳ ನಾನು. ಮತ್ತೆ ಮೇಲೆ ಹತ್ತಿ ಹೋಗಿ ತಿದ್ದುಪಡಿ ಕಳಿಸಿಬಿಟ್ಟೆ; ತಪ್ಪು ಹಿಡಿದವಳು ನನ್ನ ವಿದ್ಯಾರ್ಥಿನಿಯೆಂದು ಮೊದಲ ಸಾಲಿನಲ್ಲೇ ಬರೆದಿದ್ದೇನೆ. ಶುಕ್ರವಾರ ಸಂಜೆ ಫೋನು ಮಾಡುತ್ತೇನೆ. ಏನಾಯ್ತು ಅಂತ ಕೇಳಬೇಡ, ಊಟ ಆಯ್ತಾ ಅಂತ ಕೇಳು.