ಕೊನೆಯ ಸ್ಟೆಪ್ನಿ

ಅಕ್ಕಾ,

ನಿನ್ನ ಕೊನೆಯ ಸ್ಟೆಪ್ನಿಯನ್ನು ನಿನ್ನೆ ಹಾಕಿಬಿಟ್ಟೆ. ಇನ್ನು ನಿನ್ನದು ಅಂತ ಒಂದೂ ಉಳಿದಿಲ್ಲ. ಯಾಕೆ ಹಾಕಿದೆ, ಯಾರ ಮಾತು ಕೇಳಿ ಹಾಕಿದೆ ಅನ್ನುವುದನ್ನು ಸ್ವಲ್ಪ ತಡೆದು ಹೇಳುತ್ತೇನೆ. ಅದಕ್ಕೆ ಮುಂಚೆ ನಿನ್ನ ಜೊತೆ ಜಗಳ ಆಡುವುದಿದೆ.

ಜಗಳವನ್ನು ನಿನ್ನ ಬ್ಲಾಗಿನಲ್ಲೇ ಆಡುತ್ತಿದ್ದೇನೆ, ನಿನ್ನ ಓದುಗರೂ ಕೇಳಿಸಿಕೊಳ್ಳಲಿ. ಅವರಲ್ಲಿ ಹೊಸಬರಿಗೆ ನೀನು ಯಾರೆಂದೇ ಗೊತ್ತಿರಲಿಕ್ಕಿಲ್ಲ. ನೀನು ಸಿಟಿ ಬಸ್ ಓಡಿಸುತ್ತಿದ್ದವಳು. ಬಸ್ಸು ಕೊನೆಯ ಸ್ಟಾಪಿನಲ್ಲಿ ನಿಂತು ಕಂಡಕ್ಟರ್ ಚಹಾ ಕುಡಿದು ಬರುವಷ್ಟು ಹೊತ್ತು ನಿನ್ನ ಬರೆಯುವ ಹೊತ್ತು. ಎಂಜಿನ್ ಆರಿಸಿ, ಫೋನನ್ನು ಸ್ಟೀರಿಂಗಿಗೆ ಒರಗಿಸಿ, ಆವತ್ತು ಪ್ರಯಾಣಿಕರನ್ನು ತೋರಿಸುವ ಕನ್ನಡಿಯಲ್ಲಿ ಕಂಡದ್ದನ್ನು ಬರೆಯುತ್ತಿದ್ದೆ. ಕಂಡಕ್ಟರ್ ಸೀಟಿ ಹೊಡೆದರೆ ಬರಹ ಮುಗಿಯಿತು. ವಾಕ್ಯ ಅರ್ಧಕ್ಕಿದ್ದರೆ ಅರ್ಧಕ್ಕೇ ಹೋಗುತ್ತಿತ್ತು. ಓದುವವರು ಅದನ್ನು ನಿನ್ನ ಶೈಲಿ ಅಂದುಕೊಂಡರು. ಮೇಷ್ಟ್ರೊಬ್ಬರು ‘ಹೇಳದೆ ಬಿಟ್ಟದ್ದರ ಸೊಗಸು’ ಎಂದು ಉದ್ದಕ್ಕೆ ಕಾಮೆಂಟು ಹಾಕಿದ್ದರು. ಅದನ್ನು ಓದಿ ನೀನು ನಕ್ಕ ರಭಸಕ್ಕೆ ಬಾಯಲ್ಲಿದ್ದ ನೀರು ನನ್ನ ಅಂಗಿಯ ಮೇಲೆ ಬಿದ್ದಿತ್ತು.

ರಜೆಯ ದಿನ, ಜ್ವರದ ದಿನ ಬಸ್ಸೂ ಇಲ್ಲ, ಕನ್ನಡಿಯೂ ಇಲ್ಲ. ಅಂಥ ದಿನಗಳಿಗೆಂದು ಒಂದಷ್ಟು ಬರಹಗಳನ್ನು ಮೊದಲೇ ಬರೆದು ಬ್ಲಾಗಿನ ಒಳಗೆ ಇಟ್ಟಿರುತ್ತಿದ್ದೆ. ತಾರೀಖು ಕೊಟ್ಟಿಟ್ಟರೆ ಆ ಬೆಳಿಗ್ಗೆ ಅದು ತಾನಾಗಿಯೇ ಹೊರಗೆ ಬರುತ್ತಿತ್ತು. ಅವಕ್ಕೆ ಸ್ಟೆಪ್ನಿ ಎಂದು ಹೆಸರಿಟ್ಟಿದ್ದೂ ನೀನೇ. “ಚಕ್ರ ಪಂಚರ್ ಆಗೋದು ನಮ್ಮನ್ನ ಕೇಳ್ಕೊಂಡಲ್ಲ ಕಣೋ. ಹಿಂದೆ ಒಂದು ಸ್ಟೆಪ್ನಿ ಇರ್ಬೇಕು. ಹಾಗಂತ ಸ್ಟೆಪ್ನಿ ಹಾಕ್ಕೊಂಡೇ ಊರೆಲ್ಲ ಸುತ್ತಬಾರ್ದು” ಅನ್ನುತ್ತಿದ್ದೆ.

ನನ್ನನ್ನೂ ಬರಿ ಬರಿ ಎಂದು ಜೀವ ತಿಂದೆ. ನಾನು ಹಲ್ಲಿನ ಸೆಟ್ ಮಾಡುವವನು. ಡಾಕ್ಟರುಗಳು ಯಾರದೋ ಬಾಯಿಯ ಅಚ್ಚು ಕಳಿಸುತ್ತಾರೆ, ನಾನು ಮೇಣದಲ್ಲಿ ಹಲ್ಲು ಜೋಡಿಸಿ, ಒಸಡು ಮಾಡಿ, ಉಜ್ಜಿ ಕಳಿಸುತ್ತೇನೆ. ಇಡೀ ದಿನ ಮಾತಾಡದ ಬಾಯಿಗಳ ಮಧ್ಯೆ ಕೂತವನು ಏನು ಬರೆಯಲಿ ಎಂದು ಕೇಳಿದ್ದೆ. “ಆ ಬಾಯಿಗಳು ಏನು ತಿನ್ನೋಕೆ ಕಾಯ್ತಿವೆ ಅಂತ ಬರಿ” ಅಂದೆ. ನಿನಗೆ ಎಲ್ಲದಕ್ಕೂ ಉತ್ತರ ಇತ್ತು. ಹೊಟ್ಟೆಯೊಳಗಿನ ಗಡ್ಡೆಗೆ ಮಾತ್ರ ಇರಲಿಲ್ಲ.

ಅಮ್ಮನಿಗೆ ನಿನ್ನ ಬಸ್ಸೂ ಆಗದು, ಬರಹವೂ ಆಗದು. ನಿನಗೆ ಕೆಲಸ ಸಿಕ್ಕ ದಿನ ಅವಳು ಬಾಗಿಲಲ್ಲಿ ನಿಂತು ಹೇಳಿದ ಮಾತು ನಮ್ಮಿಬ್ಬರಿಗೂ ಬಾಯಿಪಾಠ: “ಕಾಲು ಬಿದ್ದೋದ್ರೂ ನಿನ್ನ ಬಸ್ ಹತ್ತಲ್ಲ. ತೆವಳ್ಕೊಂಡ್ ಹೋಗ್ತೀನಿ.” ಹಟವೂ ಅಂಥದ್ದೇ. ನಮ್ಮ ಬೀದಿಯ ತಿರುವಿನಲ್ಲೇ ನಿನ್ನ ಬಸ್ಸು ನಿಲ್ಲುತ್ತಿದ್ದರೂ ತರಕಾರಿ ಚೀಲ ಹೊತ್ತು, ಬೆವರು ಸುರಿಸಿಕೊಂಡು ನಡೆದೇ ಬರುತ್ತಿದ್ದಳು. ನೀನು ಹಾರ್ನ್ ಹೊಡೆದರೆ ಆ ಕಡೆ ಮುಖ ತಿರುಗಿಸುತ್ತಿದ್ದಳು. ಬರಹದ ಬಗ್ಗೆ ಇನ್ನೂ ಹೆಚ್ಚು ಕೋಪ. “ಕಂಡೋರ ವಿಷಯ ಎಲ್ಲಾ ಊರಿಗೆ ಹಂಚ್ತಾಳೆ” ಅನ್ನುವಳು. ನಾನು ಮನೆಯಲ್ಲಿ ಜೋರಾಗಿ ಓದಿದರೆ ಪಾತ್ರೆಗಳನ್ನು ಬೇಕೆಂದೇ ಕುಕ್ಕುವಳು.

ಆಸ್ಪತ್ರೆ ಸೇರಿದ ಮೇಲೆ ನೀನು ಮಾಡಿದ್ದು ಒಂದೇ ಕೆಲಸ. ಸೂಜಿ ಚುಚ್ಚಿದ ಕೈ ಹಾಸಿಗೆಯ ಮೇಲೆ, ಇನ್ನೊಂದು ಕೈಯಲ್ಲಿ ಫೋನು. ಹಳೆಯ ಟ್ರಿಪ್ಪುಗಳನ್ನೆಲ್ಲ ನೆನಪಿನಿಂದ ಕೆದಕಿ ಸ್ಟೆಪ್ನಿ ಬರೆದೆ, ಒಂದರ ಹಿಂದೆ ಒಂದು, ಒಂದೊಂದು ದಿನಕ್ಕೆ ಒಂದೊಂದು. “ನಾನ್ ಬರೋವರೆಗೂ ಸಾಕಾಗುತ್ತೆ” ಅಂದೆ. ನನಗೆ ಪಾಸ್‌ವರ್ಡ್ ಬರೆದುಕೊಟ್ಟೆ. ನಾನು ಅದನ್ನು ಮಡಚಿ ಜೇಬಿಗೆ ಹಾಕಿಕೊಂಡೆನೇ ಹೊರತು ನಿನ್ನ ಮುಖ ನೋಡಲಿಲ್ಲ. ನೀನು ಬರುವುದಿಲ್ಲ ಎಂದು ಡಾಕ್ಟರು ನನಗೆ ಆಗಲೇ ಹೇಳಿಯಾಗಿತ್ತು, ನಿನಗೂ ಹೇಳಿದ್ದರು ಎಂದು ನನಗೆ ಆಮೇಲೆ ಗೊತ್ತಾಯಿತು.

ನೀನು ಹೋದ ಮರುದಿನ ಬೆಳಿಗ್ಗೆ ಮನೆ ತುಂಬ ಜನ. ನನ್ನ ಫೋನು ಟಿಣ್ ಎಂದಿತು. ನಿನ್ನ ಹೊಸ ಬರಹ. ಕಿಟಕಿಯ ಗಾಜೊಂದನ್ನು ಮಗುವಿನ ಹಾಗೆ ತಬ್ಬಿಕೊಂಡು ನಿಂತೇ ಪ್ರಯಾಣ ಮಾಡಿದ ಮುದುಕನ ಕಥೆ. ನಾನು ಫೋನನ್ನು ಬೋರಲು ಹಾಕಿದೆ. ಅಮ್ಮ ಮೂಲೆಯಿಂದಲೇ ಕೇಳಿದಳು: “ಅವಳ್ದಾ?” ಹೌದೆಂದೆ. “ಓದು.” ಅಷ್ಟು ಜನರ ಮುಂದೆ ಓದಿದೆ. ಮುದುಕ ಇಳಿಯುವಾಗ ಗಾಜು ಬಾಗಿಲಿಗೆ ತಗುಲಿತೋ ಇಲ್ಲವೋ ಎಂದು ನೀನು ಬರೆದಿರಲಿಲ್ಲ. “ಒಡೀಲಿಲ್ಲ ತಾನೇ?” ಎಂದು ಅಮ್ಮ ನನ್ನನ್ನು ಕೇಳಿದಳು. ಬಸ್ಸಿನ ಕಥೆ ಕೇಳಿ ಅವಳು ಪ್ರಶ್ನೆ ಹಾಕಿದ್ದು ಅದೇ ಮೊದಲು. ನೀನು ಇರಬೇಕಿತ್ತು.

ಆಮೇಲೆ ಅದೇ ಪದ್ಧತಿಯಾಯಿತು. ಬೆಳಿಗ್ಗೆ ನಿನ್ನ ಬರಹ ಓದಿಸಿಕೊಂಡ ಮೇಲೇ ಅವಳು ಬಾಯಿಗೆ ಏನಾದರೂ ಹಾಕುತ್ತಿದ್ದಳು. ಕಣ್ಣು ಮಂಜಾಗಿದ್ದರಿಂದ ನಾನೇ ಓದಬೇಕು. ಒಂದು ದಿನ ಪಾಸ್‌ವರ್ಡ್ ಹಾಕಿ ಬ್ಲಾಗಿನ ಒಳಗಡೆ ಇಣುಕಿದೆ. ಸ್ಟೆಪ್ನಿಗಳು ಸಾಲಾಗಿ ಕೂತಿದ್ದವು, ತಲೆಬರಹ ಮತ್ತು ತಾರೀಖಿನ ಸಮೇತ. ಸಾಲು ಉದ್ದವಿರಲಿಲ್ಲ. ದಿನಾ ಒಂದು ಕರಗುತ್ತಿತ್ತು, ಅಮ್ಮನಿಗೆ ಅದು ಗೊತ್ತಿರಲಿಲ್ಲ. ನೀನು ಇನ್ನೊಂದು ಸಲ ಸಾಯುವ ದಿನ ಅಲ್ಲಿ ಬರೆದಿಟ್ಟ ಹಾಗಿತ್ತು. ನಾನು ಎಲ್ಲದರ ತಾರೀಖು ತೆಗೆದುಹಾಕಿದೆ. ಇನ್ನು ನಾನು ಹಾಕಿದರೆ ಮಾತ್ರ ಅವು ಹೊರಗೆ ಬರುವುದು.

ಹಾಗೆ ನಿಲ್ಲಿಸಿದ ಮೇಲೆ ನಾಳೆ ಬೆಳಿಗ್ಗೆಗೆ ಏನು? ನಿನ್ನ ಮಾತೇ ನೆನಪಾಯಿತು, ಸ್ಟೆಪ್ನಿ ಹಾಕಿಕೊಂಡೇ ಊರು ಸುತ್ತಬಾರದು ಅಂತ. ಲೆಕ್ಕ ಸರಳವಾಗಿತ್ತು. ನಾನು ಬರೆದ ದಿನ ನಿನ್ನದೊಂದು ಉಳಿಯುತ್ತದೆ. ನಾನು ಬರೆಯದ ದಿನ ನಿನ್ನದೊಂದು ಹೋಗುತ್ತದೆ. ಜನರಿಗೆ ಬರೆಯುವ ಅಭ್ಯಾಸ ಹೇಗೆಲ್ಲ ಹತ್ತುತ್ತದೋ ನನಗೆ ಗೊತ್ತಿಲ್ಲ. ನನಗೆ ಹತ್ತಿದ್ದು ಕುತ್ತಿಗೆಯ ಮೇಲೆ ಕತ್ತಿ ಇಟ್ಟ ಹಾಗೆ. ಇಟ್ಟವಳು ನೀನು. ಅದಕ್ಕೇ ಜಗಳ ಅಂದದ್ದು.

ಮೊದಲ ಬರಹದಲ್ಲೇ ನೀನಿಲ್ಲ ಎಂದು ಓದುಗರಿಗೆ ತಿಳಿಸಿದೆ. ಎರಡನೆಯದು ಹಲ್ಲಿನ ಮೇಲೆ. ಅಮ್ಮ ಅರ್ಧಕ್ಕೇ ಕೈ ಅಡ್ಡ ಮಾಡಿದಳು. “ಬೆಳಬೆಳಗ್ಗೆ ಯಾರ್ದೋ ಹಲ್ಲು ನನ್ಗ್ಯಾಕೋ? ಅವಳ್ದು ಇಲ್ವಾ?” ಇದೆ, ಉಳಿಸಿಟ್ಟಿದ್ದೇನೆ, ನಾನು ಬರೆಯಲಾರದ ದಿನ ಹಾಕುತ್ತೇನೆ ಎಂದೆ. ಅಮ್ಮ ಅಡ್ಡ ಮಾಡಿದ್ದ ಕೈ ತೆಗೆದು, “ಹಾಗಾದ್ರೆ ನೀನು ಬರಿ. ಚೆನ್ನಾಗಿಲ್ದಿದ್ರೂ ಕೇಳ್ತೀನಿ” ಅಂದಳು. ಅವಳು ನನ್ನನ್ನು ಹೊಗಳಿದ್ದು ಇಷ್ಟೇ.

ಕೇಳಿದಳು, ಪಾಪ. ಎಂಥೆಂಥದನ್ನೆಲ್ಲ ಕೇಳಿದಳು! ಮನೆಯಲ್ಲಿ ಕೂತರೆ ನನಗೆ ಒಂದು ಸಾಲೂ ಹುಟ್ಟುತ್ತಿರಲಿಲ್ಲ. ಕೆಲಸದ ಜಾಗದಲ್ಲಿ ಕೂತರೆ ಪ್ಲಾಸ್ಟರ್ ಧೂಳು, ಮಾಲೀಕನ ಗೊಣಗಾಟ. ನಿನ್ನ ಹಾಗೆ ಅಳು ಬೆರೆಸದೆ ಬರೆಯಲು ಹೋಗಿ ಒಣಕಲು ಬರೆದೆ, ಮನಸ್ಸು ಬಿಚ್ಚಿ ಬರೆಯಲು ಹೋಗಿ ರಾಡಿ ಮಾಡಿದೆ. ಒಂದು ದಿನ ಕಾಲು ತಾನಾಗಿ ನಿನ್ನ ಬಸ್ಸು ಹತ್ತಿತು. ಕೊನೆಯ ಸ್ಟಾಪಿನಲ್ಲಿ ಇಳಿದು ಸಿಮೆಂಟ್ ಬೆಂಚಿನ ಮೇಲೆ ಕೂತೆ. ನಿನ್ನ ಕಂಡಕ್ಟರ್ ಗುರುತು ಹಿಡಿದ. ಚಹಾ ಕುಡಿಯಲು ಹೋದ. ಅವನು ಬರುವುದರೊಳಗೆ ನಾನು ಬರೆದಿದ್ದೆ. ಹಲ್ಲಿನ ಸೆಟ್ ಹಾಕಿಕೊಂಡ ದಿನವೇ ಗಂಡನ ಜೊತೆ ಬಾಯ್ತುಂಬ ಜಗಳ ಆಡಿದೆ ಎಂದು ಥ್ಯಾಂಕ್ಸ್ ಹೇಳಲು ಬಂದ ಅಜ್ಜಿಯ ಕಥೆ. ಅಮ್ಮ ಅದನ್ನು ಕೇಳಿ ಮೂಗಿನಲ್ಲಿ ನಕ್ಕಳು. ಮರುದಿನವೂ ಹೋದೆ. ಅದರ ಮರುದಿನವೂ.

ಆದರೂ ನಿನ್ನವು ಹೋಗುತ್ತಲೇ ಇದ್ದವು. ಜ್ವರದಲ್ಲಿ ಒಂದು ಹೋಯಿತು. ಕೆಲಸದ ಜಾಗದ ಗ್ರೈಂಡರಿಗೆ ಸಿಕ್ಕಿ ಬೆರಳು ಹರಿದಾಗ ಒಂದು. ನಿನ್ನ ಹುಟ್ಟುಹಬ್ಬದ ದಿನ ಬೆಂಚಿನ ಮೇಲೆ ಕೂತು ಬರೀ ರಸ್ತೆ ನೋಡಿಕೊಂಡು ಎದ್ದು ಬಂದೆ, ಆವತ್ತು ಒಂದು. ಪ್ರತಿ ಸಲ ಅಮ್ಮ ನಿನ್ನ ಬರಹ ಕೇಳಿ ಖುಷಿಪಡುವಳು, ಆಮೇಲೆ ನನ್ನ ಕಡೆ ತಿರುಗಿ “ನಾಳೆ ನೀನು ಬರೀತೀಯಾ ತಾನೇ?” ಎಂದು ಕೇಳುವಳು. ಆ ದನಿಯಲ್ಲಿ ಭಯ ಇರುತ್ತಿತ್ತು.

ಕಡೆಗೆ ಒಂದೇ ಉಳಿಯಿತು. ‘ಹಿಂದಿನ ಸೀಟು’ ಎಂದು ತಲೆಬರಹ. ಅದನ್ನು ಅಮ್ಮನಿಗೆ ಹೇಳಿದೆ. ಆ ಹೊತ್ತಿಗೆ ಅವಳಿಗೆ ಹಾಸಿಗೆಯಿಂದ ಏಳಲು ನನ್ನ ಭುಜ ಬೇಕಾಗುತ್ತಿತ್ತು, ಎರಡು ಮಾತಿಗೆ ಉಸಿರು ಕಟ್ಟುತ್ತಿತ್ತು. “ಅದನ್ನ ಮುಟ್ಬೇಡ” ಅಂದಳು. “ನಾನು ಹೋದ ದಿನ ಹಾಕು. ಅವತ್ತು ನಿನ್ಗೆ ಬರೆಯೋಕಾಗಲ್ಲ.” ನಾನು ರೇಗಿದೆ. ಈಗಲೇ ಓದುತ್ತೇನೆ, ಕೇಳು ಎಂದು ಫೋನು ತೆಗೆದೆ. ಅವಳು ನನ್ನ ಮಣಿಕಟ್ಟು ಹಿಡಿದುಕೊಂಡಳು. “ನೀನೂ ಓದ್ಬೇಡ. ಓದಿದ್ರೆ ನಿನ್ನ ಮುಖ ಹೇಳ್ಬಿಡುತ್ತೆ. ಅವಳು ಇನ್ನೂ ಹೇಳ್ದೇ ಇರೋದು ಒಂದಿದೆ ಅಂತ ಇರ್ಲಿ ನನ್ಗೆ. ಕೇಳ್ಬಿಟ್ರೆ ಮುಗ್ದೋಯ್ತಲ್ಲಪ್ಪಾ.”

ನಾನು ಓದಲಿಲ್ಲ. ಅಮ್ಮನ ಮಾತಿನಂತೆ ನಡೆದುಕೊಂಡೆ. ನಿನ್ನೆ ಬೆಳಿಗ್ಗೆ ನಾನು ಬರೆದದ್ದನ್ನು ಓದಿ ಹೇಳಲು ಕೂತಾಗ ಅವಳ ಕೈ ತಣ್ಣಗಿತ್ತು, ಅಕ್ಕಾ. ಅಮ್ಮ ಹೋಗಿಬಿಟ್ಟಿದ್ದಳು.

ಬಂದವರು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದರು. ನಾನು ನನ್ನದನ್ನು ಅಳಿಸಿ ‘ಹಿಂದಿನ ಸೀಟು’ ಹಾಕಿದೆ. ಆಮೇಲೆ ಗೋಡೆಗೆ ಒರಗಿ, ಅವಳ ಪಕ್ಕ ಕೂತು, ಮೊದಲ ಸಲ ಅದನ್ನು ಓದಿದೆ.

ಒಂದು ಮಧ್ಯಾಹ್ನ ಮುಖಕ್ಕೆ ಶಾಲು ಎಳೆದುಕೊಂಡ ಹೆಂಗಸೊಬ್ಬಳು ಬಸ್ಸು ಹತ್ತಿ ಹಿಂದಿನ ಸೀಟಿನ ಮೂಲೆ ಹಿಡಿದಳು ಎಂದು ನೀನು ಬರೆದಿದ್ದೆ. ಕನ್ನಡಿಯಲ್ಲಿ ಬರೀ ಎರಡು ಕಣ್ಣು ಕಂಡವು, ಅಷ್ಟೇ ಸಾಕಾಯಿತು ಎಂದು ಬರೆದಿದ್ದೆ. ಕೊನೆಯ ಸ್ಟಾಪಿಗೆ ಟಿಕೆಟ್ ತೆಗೆದುಕೊಂಡವಳು ಅಲ್ಲಿ ಇಳಿಯಲೇ ಇಲ್ಲ. ಆವತ್ತು ನೀನು ಏನೂ ಬರೆಯದೆ, ಹಿಂದಕ್ಕೆ ತಿರುಗಿಯೂ ನೋಡದೆ, ಕನ್ನಡಿಯನ್ನೇ ನೋಡುತ್ತ ಕೂತಿದ್ದೆ. ವಾಪಸು ಬರುವಾಗ ಒಂದು ಗುಂಡಿಗೂ ಚಕ್ರ ಇಳಿಯದ ಹಾಗೆ ಓಡಿಸಿದೆಯಂತೆ. ಕಂಡಕ್ಟರ್, “ಏನಕ್ಕಾ, ಬಸ್ಸಲ್ಲಿ ಮೊಟ್ಟೆ ತುಂಬ್ಕೊಂಡಿದೀವಾ?” ಎಂದು ಕೇಳಿದನಂತೆ. ನಮ್ಮ ಬೀದಿಯ ತಿರುವಿನಲ್ಲಿ ಅವಳು ಇಳಿದು, ಒಂದು ಕೈಯನ್ನು ಬಸ್ಸಿನ ಮೈಮೇಲೆ ಸವರಿ, ಮನೆಯ ಕಡೆ ನಡೆದಳಂತೆ. ಸಂಜೆ ಮನೆಯಲ್ಲಿ ಅವಳೂ ಏನೂ ಹೇಳಲಿಲ್ಲ, ನೀನೂ ಏನೂ ಕೇಳಲಿಲ್ಲ. ‘ಒಂದಲ್ಲ ಒಂದು ದಿನ ಅಮ್ಮನಿಗೆ’ ಎಂಬಲ್ಲಿಗೆ ಬರಹ ನಿಂತಿದೆ.

ಆಸ್ಪತ್ರೆಯಲ್ಲಿ ಕಂಡಕ್ಟರ್ ಇರಲಿಲ್ಲವಲ್ಲ ಅಕ್ಕಾ. ಅಲ್ಲಿ ಸೀಟಿ ಹೊಡೆದವರು ಯಾರು?

ನೀನು ನೋಡಿದ್ದೆ ಎಂದು ಅವಳಿಗೆ ಗೊತ್ತಾಗಲಿಲ್ಲ. ಜೀವನವೆಲ್ಲ ಬಚ್ಚಿಟ್ಟುಕೊಂಡಿದ್ದ ಒಂದೇ ಒಂದು ಪ್ರೀತಿಯ ಕೆಲಸವನ್ನು ಮಗಳು ಕಂಡಿದ್ದಳು ಎಂದು ತಿಳಿಯದೆ ಹೋದಳು. ಆ ಬರಹ ನನ್ನ ಜೇಬಿನ ಫೋನಿನಲ್ಲೇ ಇತ್ತು. ಅವಳ ತಲೆಯಿಂದ ಒಂದು ಮಾರು ದೂರದಲ್ಲಿ, ದಿನವೂ. ನಿನ್ನ ಕೊನೆಯ ಮಾತು ಮುಗಿಯಬಾರದೆಂದು ಕಾಪಾಡಿಕೊಂಡಳು, ಅದು ಅವಳಿಗೆಂದೇ ಬರೆದದ್ದಾಗಿತ್ತು. ಯಾರ ಮೇಲೆ ಕೋಪ ಮಾಡಿಕೊಳ್ಳಲಿ? ಅವಳು ಹಾಗೆ, ನೀನು ಹೀಗೆ. ಮೂರು ಜನ ಒಂದೇ ಮನೆಯಲ್ಲಿದ್ದು ಎಷ್ಟು ಕಡಿಮೆ ಮಾತಾಡಿದೆವು.

ಇವತ್ತು ಬೆಂಚಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಮನೆಯಿಂದ ಹೊರಟಾಗ ಚಿಕ್ಕಮ್ಮ ಅಡ್ಡ ನಿಂತು, “ಅಮ್ಮ ಸತ್ತ ಮಾರನೇ ದಿನ ಬಸ್ ಹತ್ಕೊಂಡು ಎಲ್ಲಿಗೋ ಹೊರಟೆ?” ಎಂದು ಬೈದಳು. ಕೆಲಸ ಇದೆ ಅಂದೆ. ಹಿಂದಿನ ಸೀಟಿನ ಮೂಲೆಯಲ್ಲಿ ಕೂತೇ ಬಂದೆ. ಅಲ್ಲಿಂದ ಡ್ರೈವರ್ ಎದುರಿನ ಕನ್ನಡಿ ಪೂರ್ತಿ ಕಾಣುತ್ತದೆ. ಅಮ್ಮನಿಗೂ ನಿನ್ನ ಕಣ್ಣು ಕಂಡಿರಬೇಕು. ಕಂಡಿರಲಿ ಎಂದು ಆಸೆ ಪಡುತ್ತೇನೆ. ಗೊತ್ತುಮಾಡಿಕೊಳ್ಳಲು ಈಗ ದಾರಿಯಿಲ್ಲ.

ಇನ್ನು ಹಿಂದೆ ಸ್ಟೆಪ್ನಿ ಇಲ್ಲ. ಬೆಳಿಗ್ಗೆ ಓದಿಸಿಕೊಳ್ಳುವವರೂ ಇಲ್ಲ. ಉಳಿಸಬೇಕಾದ್ದು ಏನೂ ಇಲ್ಲದ ಮೇಲೆ ನಾಳೆ ಯಾಕೆ ಬರೆಯಬೇಕು ಎಂದು ಬೆಳಗಿನಿಂದ ಕೇಳಿಕೊಳ್ಳುತ್ತಿದ್ದೇನೆ. ಆದರೂ ಈ ಹೊತ್ತಿಗೆ ಬೆರಳು ತಾನಾಗಿ ಆಡುತ್ತದೆ. ಕಂಡಕ್ಟರ್ ಬಂದ. ಸೀಟಿಯನ್ನು ಬಾಯಿಗೆ ಇಟ್ಟುಕೊಂಡು, ಊದದೆ, ನನ್ನನ್ನೇ ನೋಡುತ್ತ ನಿಂತಿದ್ದಾನೆ. ಊದಿದರೂ ನಾನು ವಾಕ್ಯ ಮುಗಿಸಿಯೇ ಏಳುವವನು. ಹೇಳದೆ ಬಿಟ್ಟದ್ದರ ಸೊಗಸು ಏನೆಂದು ನಿನ್ನೆ ನೋಡಿಯಾಯಿತು.

ಅಲ್ಲಿ ಅಮ್ಮ ನಿನ್ನ ಬಸ್ಸು ಹತ್ತಿದ್ದರೆ ಶಾಲು ಎಳೆದುಕೊಂಡು ಹಿಂದಿನ ಸೀಟಿನಲ್ಲೇ ಕೂತಿರುತ್ತಾಳೆ. ಈ ಸಲ ಕನ್ನಡಿಯಲ್ಲಿ ನೋಡಿ ಸುಮ್ಮನಿರಬೇಡ. ಎಂಜಿನ್ ಆರಿಸು, ಎದ್ದು ಹೋಗು, ಪಕ್ಕದಲ್ಲಿ ಕೂತು ಮಾತಾಡಿಸು.

ನಿಮ್ಮಿಬ್ಬರ ದಾರಿಯಲ್ಲೂ ಗುಂಡಿಗಳಿಲ್ಲದಿರಲಿ.

ಹಲ್ಲು ಕಟ್ಟುವ ನಿನ್ನ ತಮ್ಮ