ಮೂರು ನಂಬರು ಮಾತ್ರ

ಫೆಬ್ರವರಿ 6, ಮಂಗಳವಾರ. ಬೆಳಗ್ಗೆ 10.20

ನಲವತ್ತೊಂದು. ಸೂಜಿ ಚುಚ್ಚಿದಾಗಿನಿಂದ ಫೋನ್ ಅಷ್ಟು ಸಲ ಕೂಗಿದೆ. ಎಡಗೈ ಡಯಾಲಿಸಿಸ್ ಮೆಷಿನ್ನಿಗೆ ಕಟ್ಟಿಹಾಕಿದೆ. ಬಲಗೈಯಲ್ಲಿ ಬರೆಯಬೇಕು, ಅದೇ ಕೈಯಲ್ಲಿ ಫೋನ್ ಎತ್ತಿ ನೋಡಬೇಕು. ಅರ್ಧಕ್ಕಿಂತ ಹೆಚ್ಚು ನಮ್ಮ ಬೀದಿ ಸಂಘದ ಗುಂಪಿನಿಂದ — ಕಸದ ಚೀಲಗಳ ಮೇಲೆ ಹೊದಿಸುವ ಬಲೆಯನ್ನು ಕಾಗೆ ಹರಿದಿದೆಯಂತೆ. ಹೊಸ ಬಲೆ ಹಸಿರೋ ಹಳದಿಯೋ? ಉಳಿದದ್ದು ಔಷಧಿ ಅಂಗಡಿ, ಹವಾಮಾನ, ಹೆಂಡತಿ ಕಯೋಳ ಅಕ್ಕ ಕಳಿಸಿದ ಬೆಕ್ಕಿನ ಚಿತ್ರ.

ಪ್ರತಿ ಸಲ ಎದೆ ಧಸಕ್ ಅನ್ನುತ್ತದೆ. ಬೆಕ್ಕಿನ ಚಿತ್ರಕ್ಕೂ ಅಷ್ಟೇ.

ಕಿಡ್ನಿಗಾಗಿ ಪಟ್ಟಿಯಲ್ಲಿ ಹೆಸರು ಬರೆಸಿ ಹನ್ನೊಂದು ವರ್ಷ. ಯಾರೋ ತೀರಿಕೊಂಡು, ಅವರದು ನನಗೆ ಹೊಂದಿದರೆ, ಒಂದು ಕರೆ ಬರುತ್ತದೆ. ಒಂದು ಗಂಟೆಯೊಳಗೆ ಉತ್ತರ ಕೊಡಬೇಕು. ಇಲ್ಲದಿದ್ದರೆ ಮುಂದಿನವರ ಪಾಲು. ಆಸ್ಪತ್ರೆಯಲ್ಲಿ ಈ ಕೆಲಸ ನೋಡುವ ನೆಗಿಶಿ-ಸಾನ್ ಮೊದಲ ದಿನವೇ ಹೇಳಿದ್ದರು — "ಫೋನ್ ದೂರ ಇಡಬೇಡಿ, ಇವಾಸೆ-ಸಾನ್." ದೂರ ಇಟ್ಟಿಲ್ಲ. ಸದ್ದೂ ಕಡಿಮೆ ಮಾಡಿಲ್ಲ. ಯಾವುದಾದರೂ ಒಂದರ ಸದ್ದು ಆರಿಸಹೋಗಿ ಆ ಕರೆಯದ್ದೇ ಆರಿಹೋದರೆ? ಅದಕ್ಕೇ ಎಲ್ಲಕ್ಕೂ ಫುಲ್ ವಾಲ್ಯೂಮ್.

ನಲವತ್ತೆರಡು. ಹಳದಿಯಂತೆ.

ಫೆಬ್ರವರಿ 9, ಶುಕ್ರವಾರ

ಮುಖ ಎತ್ತಲಾಗದ ದಿನ.

ನಗರದ ಸಭಾಂಗಣ, ದೊಡ್ಡ ಪಿಯಾನೊ, ಸಂಜೆ ಕಛೇರಿ. ಬೆಳಗ್ಗೆ ಎಂಟರಿಂದ ಶ್ರುತಿ ಮಾಡಿದೆ. ಮೂವತ್ತೊಂದು ವರ್ಷದ ಕಸುಬು, ಈ ಸಭಾಂಗಣದ್ದೇ ಹದಿನಾರು ವರ್ಷ. ನುಡಿಸುವಾಕೆ ಬಂದು ಕುಳಿತು ಒಂದೇ ಒಂದು ಸ್ವರ ಒತ್ತಿದರು. ಅದು ಪೂರ್ತಿ ಕರಗುವವರೆಗೆ ಕಣ್ಣು ಮುಚ್ಚಿ ಕೇಳುವುದು ಅವರ ಪದ್ಧತಿ. ಕರಗುತ್ತಾ ಬಂತು... ಇನ್ನೇನು...

ಟಿಂಗ್. ಟಿಂಗ್ ಟಿಂಗ್.

ಕಸದ ಬಲೆ.

ಅವರು ಕಣ್ಣು ತೆರೆದು ನಕ್ಕರು. "ಈ ಸ್ವರ ನಾನು ಒತ್ತಿದ್ದಲ್ಲ, ಅಲ್ವಾ?"

ಸೊಂಟ ಬಗ್ಗಿಸಿ ಕ್ಷಮೆ ಕೇಳಿದೆ. ವ್ಯವಸ್ಥಾಪಕರು ಆಚೆ ಕರೆದು ಮೆತ್ತಗೆ ಹೇಳಿದರು — "ಇದು ಮೂರನೇ ಸಲ, ಇವಾಸೆ-ಸಾನ್. ನಿಮ್ಮ ಪರಿಸ್ಥಿತಿ ಗೊತ್ತು. ಆದರೂ..." ಆ 'ಆದರೂ' ಇನ್ನೂ ಕಿವಿಯಲ್ಲಿದೆ.

ಫೆಬ್ರವರಿ 10, ಶನಿವಾರ

ಡಯಾಲಿಸಿಸ್ ಮುಗಿಸಿ ಬಂದು ಕಯೋಗೆ ಹೇಳಿದೆ. ಫೋನಿನ ಬಾಯಿ ಮುಚ್ಚಿಸ್ತೀನಿ ಅಂತ.

ಕೈಯಲ್ಲಿದ್ದ ಮೂಲಂಗಿ ಕೆಳಗಿಟ್ಟಳು.

"ಹನ್ನೊಂದು ವರ್ಷ ಕಾದು, ಈಗ?"

"ಪೂರ್ತಿ ಅಲ್ಲ. ಬೇಕಾದ್ದು ಮಾತ್ರ ಕೇಳ್ಸೋ ಹಾಗೆ ಮಾಡ್ಬಹುದಂತೆ."

"ಅಂತೆ! ಅಂತೆ ನಂಬ್ಕೊಂಡು ಕಿಡ್ನಿ ಬಿಡ್ತೀರಾ? ರೀ, ಪಿಯಾನೊದವ್ರು ನಕ್ಕಿದ್ದಕ್ಕೆ ಅವಮಾನ ಆಯ್ತು ಅಷ್ಟೇ ನಿಮ್ಗೆ."

"ಅವಮಾನ ಅಲ್ಲ ಕಯೋ. ಕೆಲಸವೇ ಆಗ್ತಿಲ್ಲ. ತಂತಿ ಕೇಳ್ತಾ ಇರೋವಾಗ ಅರ್ಧ ಕಿವಿ ಜೇಬಲ್ಲೇ ಇರುತ್ತೆ."

"ಇರ್ಲಿ. ಅರ್ಧ ಕಿವಿ ಹೋದ್ರೆ ಹೋಯ್ತು. ನೀವು ಉಳೀಬೇಕು."

ಊಟದ ಹೊತ್ತಿಗೆ ನನ್ನ ಫೋನ್ ಮಾತ್ರ ಮಾತಾಡುತ್ತಿತ್ತು.

ಫೆಬ್ರವರಿ 14, ಬುಧವಾರ. ಸಂಜೆ

ವಾರ್ಡಿನ ಸಮುದಾಯ ಭವನದಲ್ಲಿ ಸ್ಮಾರ್ಟ್‌ಫೋನ್ ತರಗತಿ. ಬಂದವರೆಲ್ಲ ಎಂಬತ್ತರ ಆಸುಪಾಸು. ಐವತ್ತೆಂಟರ ನಾನೇ ಕೂಸು. ಕಲಿಸುವ ಹುಡುಗಿ ಹೊಸೋಯಿ-ಸಾನ್, ಚುರುಕು. ಕಯೋ ಕೂಡ ಬಂದಳು. ನನ್ನ ಮೇಲೆ ನಂಬಿಕೆ ಇಲ್ಲದೆ, ಕಾವಲಿಗೆ.

ಎಲ್ಲಾ ಹೇಳಿಕೊಂಡೆ. ಹುಡುಗಿ ಕುರ್ಚಿ ಎಳೆದು ಪಕ್ಕ ಕೂತು, "ಇದನ್ನ ತಪ್ಪಿಲ್ಲದ ಹಾಗೆ ಮಾಡೋಣ" ಅಂದಳು.

ಸೆಟ್ಟಿಂಗ್ಸ್. 'ಅಡಚಣೆ ಬೇಡ'. ಒಳಗೆ ಹೋದರೆ ಒಂದಲ್ಲ, ಬೇಕಾದಷ್ಟು ಮೋಡ್ ಮಾಡಿಕೊಳ್ಳಬಹುದು. ಪ್ರತಿಯೊಂದಕ್ಕೂ ಒಂದು ಹೆಸರು, ಒಂದು ಹೊತ್ತು, ಯಾರನ್ನು ಒಳಗೆ ಬಿಡಬೇಕು ಅನ್ನುವ ಪಟ್ಟಿ. ನನ್ನದು ಎರಡು. 'ಪಿಯಾನೊ' — ಕೆಲಸಕ್ಕೆ ಕೂರುವಾಗ ನಾನೇ ಒತ್ತಬೇಕು. 'ಕುರ್ಚಿ' — ಡಯಾಲಿಸಿಸ್‌ಗೆ ಕೂರುವ ಮಂಗಳ, ಗುರು, ಶನಿ ಬೆಳಗ್ಗೆ ಒಂಬತ್ತರಿಂದ ಒಂದೂವರೆ, ತಾನಾಗಿ ಶುರುವಾಗಿ ತಾನಾಗಿ ಮುಗಿಯುತ್ತದೆ.

ಎರಡರಲ್ಲೂ ಮೂರೇ ನಂಬರು. ನೆಗಿಶಿ-ಸಾನ್. ಡಯಾಲಿಸಿಸ್ ಕ್ಲಿನಿಕ್. ಕಯೋ.

"ಭೂಕಂಪದ ಎಚ್ಚರಿಕೆ ಮಾತ್ರ ಯಾವ ಮೋಡ್ ಹಾಕಿದ್ರೂ ಬರುತ್ತೆ" ಅಂದಳು ಹುಡುಗಿ.

ನನ್ನ ಕಸುಬಿನಲ್ಲೂ ಹೀಗೇ, ಒಂದು ಸ್ವರಕ್ಕೆ ಮೂರು ತಂತಿ, ಎರಡಕ್ಕೆ ಬಟ್ಟೆ ತುರುಕಿ ಒಂದನ್ನು ಕೇಳುವುದು ಅಂದೆ. ಅವಳಿಗೆ ಖುಷಿ. ಕಯೋಗೆ ಇಲ್ಲ.

"ಪರೀಕ್ಷೆ ಮಾಡಿ" ಅಂದಳು ಕಯೋ.

ಅವಳು ಆಚೆ ಹೋಗಿ ಕರೆ ಮಾಡಿದಳು. ಬಡಿಯಿತು. ಪಕ್ಕದ ಅಜ್ಜಿಯ ಫೋನಿಂದ ಮಾಡಿದೆವು. ಬಡಿಯಲಿಲ್ಲ. ಮತ್ತೆ ಕಯೋ, ಬಡಿಯಿತು. ನಾಲ್ಕು ಸಲ ಹೀಗೆ. ಅಜ್ಜಿಗೆ ಬೇಜಾರಾಯಿತು. "ನಂದೇ ಯಾಕಪ್ಪಾ ಎತ್ತಲ್ಲ ಇವ್ರು?"

ಫೆಬ್ರವರಿ 15, ಗುರುವಾರ. ಮಧ್ಯಾಹ್ನ 1.40

ನಿದ್ದೆ ಮಾಡಿದೆ. ಡಯಾಲಿಸಿಸ್ ಕುರ್ಚಿಯಲ್ಲಿ! ಎರಡು ಗಂಟೆ! ನರ್ಸ್ ರಕ್ತದೊತ್ತಡ ನೋಡಿ, "ಇದು ನಿಮ್ದೇನಾ?" ಅಂದರು.

ಒಂದೂವರೆಗೆ ಮೋಡ್ ಬಿಟ್ಟಿತು, ಮೂವತ್ತೆಂಟು ಸಂದೇಶ ಒಟ್ಟಿಗೆ. ಒಂದೂ ನನ್ನನ್ನು ಕೊಲ್ಲುವಂಥದ್ದಲ್ಲ. ಬದುಕಿಸುವಂಥದ್ದೂ ಅಲ್ಲ.

ಫೆಬ್ರವರಿ 26, ಸೋಮವಾರ

ಬೀದಿ ಸಂಘದ ಅಧ್ಯಕ್ಷ ಒಗಾತಾ-ಸಾನ್ ಮನೆ ಬಾಗಿಲಿಗೇ ಬಂದರು. ಮೋರಿ ಶುಚಿ ಮಾಡುವ ದಿನದ ಮುಖ್ಯಸ್ಥ ನಾನಂತೆ.

"ನಾನು ಒಪ್ಪಿದ್ದು ಯಾವಾಗ?"

"ಗುಂಪಲ್ಲಿ ಕೇಳ್ದೆ. ನೀವು ಬೇಡ ಅನ್ಲಿಲ್ಲ."

"ನೋಡಿರ್ಲಿಲ್ಲ."

"ಅದಕ್ಕೇ ನಿಮ್ಮ ಹೆಸರು ಹಾಕಿದ್ದು. ನೋಡಿದವರೆಲ್ಲ ಬೇಡ ಅಂದ್ರು."

ಕಯೋ ಒಳಗಿಂದ ನಕ್ಕಿದ್ದು ಕೇಳಿಸಿತು. ಹದಿನಾರು ದಿನದ ನಂತರ ಮೊದಲ ನಗು. ಮೋರಿ ಬಳಿಯಲು ಒಪ್ಪಿಕೊಂಡೆ.

ಕೆಲಸ ಚೆನ್ನಾಗಿ ಆಗುತ್ತಿದೆ. ಸಭಾಂಗಣದ ಪಿಯಾನೊದ ಮೇಲಿನ ಸ್ವರಗಳಲ್ಲಿ ಒಂದು ಕಂಪನ ಇತ್ತು — ಎಷ್ಟು ವರ್ಷದಿಂದ ಇತ್ತೋ. ಇವತ್ತು ಕೇಳಿಸಿತು. ಸರಿ ಮಾಡಿದೆ.

ಮಾರ್ಚ್ 13, ಬುಧವಾರ. ಮಧ್ಯಾಹ್ನ 3.40. ಆಸ್ಪತ್ರೆ

ಕ್ರಮವಾಗಿ ಬರೆಯುತ್ತೇನೆ.

ಪ್ರಾಥಮಿಕ ಶಾಲೆಯ ಜಿಮ್. ಬರುವ ವಾರ ಮಕ್ಕಳ ಬೀಳ್ಕೊಡುಗೆ ಸಮಾರಂಭ, ಅದಕ್ಕೆ ಪಿಯಾನೊ. 'ಪಿಯಾನೊ' ಒತ್ತಿ ಫೋನನ್ನು ಸ್ಟೂಲಿನ ಮೇಲೆ ಇಟ್ಟೆ. ಹನ್ನೊಂದಕ್ಕೆ ಬಡಿಯಿತು. ಕಯೋ.

"ರೀ! ಎಲ್ಲಿದ್ದೀರಿ? ಯಾಕೆ ಎತ್ತಲಿಲ್ಲ? ಬಂತು, ಬಂತು ರೀ!"

"ಏನು ಬಂತು?"

"ಆಸ್ಪತ್ರೆಯಿಂದ! ನಿಮ್ಗೆ ಎರಡು ಸಲ ಮಾಡಿದ್ರಂತೆ!"

ನೋಡಿದೆ. 10.52, 10.54. ಗೊತ್ತಿಲ್ಲದ ನಂಬರು. ನೆಗಿಶಿ-ಸಾನ್ ಈ ವಾರ ರಜೆ. ಅವರ ಬದಲು ಬೇರೆಯವರು, ಬೇರೆ ಫೋನಿಂದ. ನನ್ನ ಮೂರರಲ್ಲಿ ಅದು ಇರಲಿಲ್ಲ. ಎರಡು ಸಲವೂ ಒಂದೂ ಸದ್ದಿಲ್ಲದೆ ಸ್ಟೂಲಿನ ಮೇಲೆ ಬೆಳಗಿ ಆರಿದೆ. ಎರಡಡಿ ದೂರದಲ್ಲಿ ನಾನು ತಂತಿ ಬಿಗಿಯುತ್ತಿದ್ದೆ.

ವಾಪಸ್ ಕರೆ ಮಾಡಿದೆ.

"ಇವಾಸೆ ನೊಬುಯುಕಿ ಅವರಾ? ಜ್ವರ, ಕೆಮ್ಮು ಏನಾದ್ರೂ ಇದೆಯಾ? ಕಿಡ್ನಿ ಕಸಿ ಮಾಡಿಸಿಕೊಳ್ಳೋ ಮನಸ್ಸಿದೆಯಾ?"

"ಇದೆ. ಇದೆ. ತಡ ಆಯ್ತಾ?"

"ಇಲ್ಲ, ಒಂಬತ್ತು ನಿಮಿಷ ಆಗಿದೆ ಅಷ್ಟೇ. ನಿಧಾನವಾಗಿ ಬನ್ನಿ, ಓಡಬೇಡಿ."

ಓಡಿದೆ. ಉಪಕರಣದ ಪೆಟ್ಟಿಗೆ ಅಲ್ಲೇ ಬಿಟ್ಟೆ. ಮುಖ್ಯೋಪಾಧ್ಯಾಯಿನಿ ಹಿಂದಿಂದ, "ಇವಾಸೆ-ಸಾನ್, ಬೂಟು! ಬೂಟು!" ಅಂತ ಕೂಗುತ್ತಿದ್ದರು. ಜಿಮ್ಮಿನ ಒಳಗಷ್ಟೇ ಹಾಕುವ ಚಪ್ಪಲಿಯಲ್ಲೇ ಟ್ಯಾಕ್ಸಿ ಹತ್ತಿದ್ದೆ.

ಕಯೋ ನನಗಿಂತ ಮೊದಲೇ ಬಂದಿದ್ದಳು. ಶಾಲೆಗಳಿಗೆ ಊಟ ಬೇಯಿಸುವ ಕೇಂದ್ರದಿಂದ ನೇರವಾಗಿ — ಬಿಳಿ ರಬ್ಬರ್ ಬೂಟು, ತಲೆಗೆ ಬಲೆ, ಮೈಯೆಲ್ಲ ಕ್ಯಾರೆಟ್ ವಾಸನೆ. ಒಬ್ಬರ ಕಾಲು ಒಬ್ಬರು ನೋಡಿಕೊಂಡೆವು.

ಸಂಜೆ 5.30

ರಕ್ತ ತೆಗೆದುಕೊಂಡು ಹೋದರು. ಹೊಂದುತ್ತದೋ ಇಲ್ಲವೋ ತಿಳಿಯಲು ಇನ್ನೂ ಹೊತ್ತಿದೆ. ಕಾಯುವುದು.

ಕಯೋಳನ್ನು ಕೇಳಿದೆ. "ಅಡುಗೆ ಕೇಂದ್ರದಲ್ಲಿ ಫೋನ್ ಒಳಗೆ ಬಿಡಲ್ವಲ್ಲ, ನಿಂಗೆ ಹೇಗೆ ಕೇಳ್ತು?"

ಏಪ್ರನ್ ಎತ್ತಿ ತೋರಿಸಿದಳು. ಒಳಗೆ ಹೊಲಿದ ಜೇಬು. ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಫೋನ್. "ಮೊದಲ ವರ್ಷವೇ ಮೇಲ್ವಿಚಾರಕರ ಹತ್ರ ಒಪ್ಪಿಗೆ ಬರೆಸ್ಕೊಂಡೆ. ಆಸ್ಪತ್ರೆಗೆ ಕೊಟ್ಟ ಎರಡನೇ ನಂಬರು ನಂದೇ ಅಲ್ವಾ? ದೊಡ್ಡ ಪಾತ್ರೆ ಸದ್ದಲ್ಲಿ ಕೇಳಲ್ಲ ಅಂತ ಯಾವಾಗ್ಲೂ ಪೂರ್ತಿ ಜೋರು. ಬೆಕ್ಕಿನ ಚಿತ್ರ ಬಂದ್ರೂ ಎಲ್ಲರೂ ಸೌಟು ಹಿಡ್ಕೊಂಡೇ ನನ್ನ ಕಡೆ ತಿರುಗ್ತಾರೆ. ಅಲ್ಲ ಅಂತ ತಲೆ ಆಡಿಸ್ತೀನಿ. ಮತ್ತೆ ಕಲಸ್ತಾರೆ."

"ಇವತ್ತು?"

"ಇವತ್ತು ತಲೆ ಆಡಿಸ್ಲಿಲ್ಲ. ಹನ್ನೆರಡು ಜನ ಸೇರಿ ನನ್ನ ಆಚೆ ತಳ್ಳಿದ್ರು."

ಹನ್ನೊಂದು ವರ್ಷ ನಾನೊಬ್ಬನೇ ಕೇಳುತ್ತಿದ್ದೇನೆ ಅಂದುಕೊಂಡಿದ್ದೆ. ನಾನು ನಿದ್ದೆ ಮಾಡಿದ ಈ ಒಂದು ತಿಂಗಳು ಅವಳು ಎರಡು ಪಟ್ಟು ಎಚ್ಚರ ಇದ್ದಿರಬೇಕು. ಕ್ಷಮಿಸು ಅಂದೆ. "ಯಾವುದಕ್ಕೆ?" ಅಂದಳು, ನಿಜವಾಗಿ ಅರ್ಥವಾಗದವಳ ಹಾಗೆ.

"ಕೊಡು ಇಲ್ಲಿ ಫೋನು."

ಚೀಲದಿಂದ ತೆಗೆದುಕೊಟ್ಟಳು. ಸೆಟ್ಟಿಂಗ್ಸ್, 'ಅಡಚಣೆ ಬೇಡ'. ನನಗೆ ಈಗ ಬಾಯಿಪಾಠ.

"ಯಾರನ್ನ ಒಳಗೆ ಬಿಡ್ಲಿ?"

ಯೋಚಿಸಿದಳು. "ಯಾರೂ ಬೇಡ. ನೀವು ಇಲ್ಲೇ ಇದ್ದೀರಲ್ಲ."

ಒತ್ತಿದೆ. ಹತ್ತು ನಿಮಿಷದಲ್ಲಿ ಕುರ್ಚಿಯಲ್ಲೇ ನಿದ್ದೆ ಹೋದಳು, ಬಾಯಿ ತೆರೆದುಕೊಂಡು. ತಲೆಯ ಬಲೆ ಇನ್ನೂ ಇದೆ. ತೆಗೆಯಲಿಲ್ಲ, ಎಚ್ಚರವಾದೀತು.

ಕಿಟಕಿ ಆಚೆ ಟ್ರಾಮ್ ಹೋಗುತ್ತಿದೆ. ಈ ಹೊತ್ತಿಗೆ ಎಲ್ಲೋ ತಮ್ಮವರೊಬ್ಬರು ತೀರಿಕೊಂಡ ಮನೆಯಲ್ಲಿ ಫೋನ್ ಮೇಲೆ ಫೋನ್ ಬರುತ್ತಿರುತ್ತದೆ. ಯಾರಿಗೂ ಎತ್ತುವ ಮನಸ್ಸಿರುವುದಿಲ್ಲ. ಆ ಮನೆಯವರು ಅಂಥ ಹೊತ್ತಿನಲ್ಲಿ, ಹೂಂ, ಕೊಡಿ, ಅಂದಿದ್ದಾರೆ. ಅವರ ಹೆಸರು ನನಗೆ ಯಾವತ್ತೂ ಹೇಳುವುದಿಲ್ಲ. ಹೇಳದಿದ್ದರೂ ತಲೆ ಬಗ್ಗಿಸಿದೆ.

ಮಾರ್ಚ್ 14, ಗುರುವಾರ. ಬೆಳಗ್ಗೆ 7

ಹೊಂದಿತು. ಗಾಲಿಮಂಚ ಬಂತು. ಕಯೋ ಬೂಟು ಹಾಕಿಕೊಳ್ಳುತ್ತಿದ್ದಾಳೆ, ಆಪರೇಷನ್ ಕೋಣೆಯ ಬಾಗಿಲವರೆಗೆ ಬರುತ್ತಾಳಂತೆ.

ಮಾರ್ಚ್ 21, ಗುರುವಾರ

ಬರೆಯಲು ಇವತ್ತು ಕೈಲಾಯಿತು. ಕಿಡ್ನಿ ಒಳಗೆ ಇಟ್ಟಿದ್ದಾರೆ. ಇದೆ. ಆದರೆ ಕೆಲಸ ಮಾಡುತ್ತಿಲ್ಲ. "ಪ್ರಯಾಣದಲ್ಲಿ ದಣಿದಿದೆ, ಮಲಗಿದೆ. ಒಂದೋ ಎರಡೋ ವಾರ ಹೀಗೇ ಇರಬಹುದು" ಅಂತಾರೆ ಡಾಕ್ಟರು. ಡಯಾಲಿಸಿಸ್ ಮತ್ತೆ. ಅದೇ ಸೂಜಿ.

ದಿನಾ ಬೆಳಗ್ಗೆ ಮೂತ್ರದ ಚೀಲ ನೋಡುವುದು. ಖಾಲಿ. ಕಯೋ ಚೀಲದ ಕಡೆ ನೋಡದೆ ನನ್ನ ಮುಖ ನೋಡುತ್ತಾಳೆ.

ಒಗಾತಾ-ಸಾನ್ ಸಂದೇಶ — ಮೋರಿ ನಾವೇ ಬಳಿದೆವು, ನೀವು ನಿಮ್ಮದು ನೋಡಿಕೊಳ್ಳಿ.

ಮಾರ್ಚ್ 26, ಮಂಗಳವಾರ. ಬೆಳಗ್ಗೆ 9

ಚೀಲದ ತಳದಲ್ಲಿ ಒಂದು ಚಮಚ. ಹಳದಿ. ನರ್ಸ್ ಬೆಳಕಿಗೆ ಹಿಡಿದು ನೋಡಿದರು, ಡಾಕ್ಟರನ್ನು ಕರೆಯಲು ಓಡಿದರು.

ಮಧ್ಯಾಹ್ನ 2

ಇನ್ನೂರು ಮಿಲಿ! ಡಾಕ್ಟರು ಚಪ್ಪಾಳೆ ತಟ್ಟಿದರು. ಕಯೋ ಅತ್ತಳು. ಒಂಬತ್ತು ವರ್ಷದಿಂದ ಒಂದು ಹನಿಯೂ ಇಲ್ಲದವನು ನಾನು. ಡಯಾಲಿಸಿಸ್‌ನವರಿಗೆ ಕೊನೆಕೊನೆಗೆ ಅದು ನಿಂತೇ ಹೋಗುತ್ತದೆ. ಗಂಡಸರ ಮೂತ್ರಿಯ ಮುಂದೆ ನಿಲ್ಲುವ ಕೆಲಸವೇ ಇರಲಿಲ್ಲ.

ಕಯೋ ಅವಳ ಅಕ್ಕನಿಗೆ ಚೀಲದ ಚಿತ್ರ ಕಳಿಸಿದಳು. ಬೇಡ ಅಂದರೂ ಕೇಳಲಿಲ್ಲ. ಅತ್ತ ಕಡೆಯಿಂದ ಹನ್ನೆರಡು ಬೆಕ್ಕು.

ಮಾರ್ಚ್ 29, ಶುಕ್ರವಾರ. ಬೆಳಗ್ಗೆ 11

ನಳಿಗೆ ತೆಗೆದರು. ಚೀಲ ಇಲ್ಲ. ಇನ್ನು ನಾನೇ ನಡೆದು ಹೋಗಬೇಕು. ಇಷ್ಟು ವರ್ಷ ಖಾಲಿ ಬಿದ್ದಿದ್ದ ಮೂತ್ರಕೋಶ ಮುದುಡಿ ಸಣ್ಣ ಲೋಟದಷ್ಟಾಗಿದೆಯಂತೆ. ಇಪ್ಪತ್ತು ನಿಮಿಷಕ್ಕೊಮ್ಮೆ ಅವಸರ. ಹಿಗ್ಗಲು ತಿಂಗಳುಗಳು ಬೇಕು ಅಂದರು. ಎಷ್ಟಾದರೂ ಆಗಲಿ.

ಇವತ್ತು ಮಂಗಳ, ಗುರು, ಶನಿಯ 'ಕುರ್ಚಿ' ಮೋಡ್ ಅಳಿಸಿದೆ. ನಿಜವಾಗಿಯೂ ಅಳಿಸಬೇಕೇ ಅಂತ ಫೋನ್ ಕೇಳಿತು. ಕಯೋ ನನಗಿಂತ ಮೊದಲು ಬೆರಳು ಹಾಕಿದಳು. ನೆಗಿಶಿ-ಸಾನ್ ರಜೆ ಮುಗಿಸಿ ನೋಡಲು ಬಂದಿದ್ದಾರೆ, ಬಾಗಿಲಲ್ಲಿ ನಿಂತು ಏನೋ ಕೇಳುತ್ತಿದ್ದಾರೆ, ಉತ್ತರ ಹೇಳಬೇಕು, ಆದರೆ ಈಗ — ಅಯ್ಯೋ, ಬಂತು, ಎದ್ದೆ, ಚಪ್ಪಲಿ ಎಲ್ಲಿ