ಪಕ್ಕದ ಕುರ್ಚಿಯ ಮೇಲಿನ ಶಾಲು

ತ್ರಿಪುರಾ,

ನೀನು ಕಣ್ಮುಚ್ಚಿದ ಮೇಲೆ ಬಂದ ಮೊದಲ ಯುಗಾದಿ ಇದು. ಬೆಳಿಗ್ಗೆ ಅಡುಗೆಮನೆಯಲ್ಲಿ ಮಗಳು ಸನ್ನಿಧಿ ತನ್ನ ಶಾಲೆಯ ಪ್ರೆಸೆಂಟೇಷನ್ ಒಪ್ಪಿಸಿದಳು. 1912ರ ಅಮೆರಿಕದ ಅಧ್ಯಕ್ಷ ಚುನಾವಣೆಯ ಕಥೆ. ರೂಸ್‌ವೆಲ್ಟ್, ಟಾಫ್ಟ್ ಇಬ್ಬರೂ ಜೀವದ ಗೆಳೆಯರು, ಒಂದೇ ಪಕ್ಷದವರು. ಎದುರುಬದುರು ನಿಂತು ವೋಟು ಒಡೆದುಕೊಂಡರು. ಎದುರು ಪಕ್ಷದ, ನಮ್ಮ ನ್ಯೂಜೆರ್ಸಿಯ ಗವರ್ನರ್ ವಿಲ್ಸನ್ ಗೆದ್ದುಬಿಟ್ಟರು.

"ಜಸ್ಟ್ ಲೈಕ್ ಯು ಅಂಡ್ ತ್ರಿಪುರಾ ಆಂಟಿ, ಅಮ್ಮಾ!" ಎಂದು ನಕ್ಕಳು. ಕನ್ನಡ ಕೂಟದ ಅಧ್ಯಕ್ಷಗಿರಿಗೆ ನಾವಿಬ್ಬರೂ ನಿಂತು, ಕೊನೆಗೆ ಜಯತೀರ್ಥ ಅಂಕಲ್ ಗೆದ್ದದ್ದು, ಆಮೇಲೆ ನಾವು ಮಾತು ಬಿಟ್ಟದ್ದು ಅವಳಿಗೂ ನೆನಪಿದೆ.

ಅವಳ ಕಥೆ ಮುಂದುವರಿಯಿತು. ಮುನಿಸಿನಲ್ಲೇ ವರ್ಷಗಳು ಕಳೆದ ಮೇಲೆ ಷಿಕಾಗೋದ ಹೋಟೆಲೊಂದರಲ್ಲಿ ರೂಸ್‌ವೆಲ್ಟ್ ಒಬ್ಬರೇ ಊಟಕ್ಕೆ ಕೂತಿದ್ದರಂತೆ. ಟಾಫ್ಟ್ ನೇರವಾಗಿ ಆ ಮೇಜಿಗೇ ಹೋಗಿ ತಬ್ಬಿಕೊಂಡರಂತೆ. ಸುತ್ತ ಉಣ್ಣುತ್ತಿದ್ದವರೆಲ್ಲ ಚಪ್ಪಾಳೆ ತಟ್ಟಿದರಂತೆ.

ನಾನು ಒಗ್ಗರಣೆ ನೋಡುವ ನೆಪದಲ್ಲಿ ಸ್ಟವ್ ಕಡೆ ತಿರುಗಿಕೊಂಡೆ.

ಕೂಟದ ಊಟಗಳಲ್ಲಿ ನೀನು ಯಾವಾಗಲೂ ಪಕ್ಕದ ಕುರ್ಚಿಗೆ ನಿನ್ನ ಶಾಲು ಹಾಕಿ ನನಗೆ ಜಾಗ ಹಿಡಿಯುತ್ತಿದ್ದೆ. ಹೋದ ದೀಪಾವಳಿಯಲ್ಲೂ ಶಾಲು ಅಲ್ಲಿತ್ತು. ಬೇರೆ ಯಾರಿಗೋ ಇರಬೇಕೆಂದುಕೊಂಡು ತಟ್ಟೆ ಹಿಡಿದು ಇನ್ನೊಂದು ಮೇಜಿಗೆ ಹೋದೆ.

ಊಟ ಮುಗಿಸಿ ಕೈ ತೊಳೆಯಲು ಎದ್ದಾಗಲೂ ಆ ಕುರ್ಚಿಯಲ್ಲಿ ಯಾರೂ ಕೂತಿರಲಿಲ್ಲ.

ವನಮಾಲಾ